ತುದಿಯ ಬಂಡೆ

ಚಂಡಮಾರುತಕ್ಕೆ ದೋಣಿ ಮಗುಚಿದ ನಾಲ್ಕನೆಯ ದಿನ ಆಕೆಯ ಗಂಡನ ಹೆಣ ಪ್ರವಾಸಿಗರು ಹೋಗುವ ದ್ವೀಪದ ತುದಿಯ ಬಂಡೆಯ ಮೇಲೆ ಸಿಕ್ಕಿತ್ತು. ಮುಷ್ಟಿಯಲ್ಲಿ ಅವನು ಮೈ ಒರೆಸುವ ಕೆಂಪು ಬೈರಾಸು ಹಾಗೇ ಇತ್ತು. "ಕಡಲು ಹಾಗಿತ್ತಮ್ಮ, ಹುಡುಕ್ಲಿಕ್ಕೆ ಒಂದು ಬೋಟೂ ಅತ್ತ ಹೋಗುವ ಹಾಗಿರಲಿಲ್ಲ" ಎಂದಿದ್ದರು ಬಂದರಿನ ಸಾಹೇಬರು. ಆಕೆ ನಂಬಿದ್ದಳು. ಆ ನಂಬಿಕೆಯ ಮೇಲೆಯೇ ಒಂದು ವರ್ಷ ಉಂಡಳು, ಮಲಗಿದಳು. ಆಮೇಲೆ ಆ ಜಾಗವನ್ನೊಮ್ಮೆ ನೋಡಿ ಬರಬೇಕೆಂದು ಪ್ರವಾಸಿಗರ ಬೋಟ್ ಹತ್ತಿದಳು.

ಭೂಮಿಯ ಹೊಟ್ಟೆಯಿಂದ ಉಕ್ಕಿದ ಬೆಂಕಿ ತಣ್ಣಗಾಗಿ ಹೀಗೆ ಕಲ್ಲಿನ ಕಂಬಗಳಾದವೆಂದು ಬೋಟಿನವನು ತೋರಿಸಿದ. ಜನ ಕಂಬಗಳಿಗೆ ಒರಗಿ ಫೋಟೊ ತೆಗೆಸಿಕೊಂಡರು. ಆಕೆ ತುದಿಯ ಬಂಡೆಯನ್ನೇ ನೋಡುತ್ತ ನಿಂತಳು. ಅಳು ಬರಲಿಲ್ಲ. ಬಿಸಿಲು ಕೂಡ ಮೈಗೆ ತಾಗಲಿಲ್ಲ.

ಟೋಪಿ ಹಾಕಿದ್ದ ಪ್ರವಾಸಿ ಹೆಂಗಸೊಬ್ಬಳು ಪಕ್ಕಕ್ಕೆ ಬಂದಳು. "ಮೊದಲನೇ ಸಲಾನಾ ನೀವು? ನಾವು ಹೋದ ವರ್ಷಾನೂ ಬಂದಿದ್ವಿ. ಚಂಡಮಾರುತ ಬಂತಲ್ಲ, ಅದರ ಮರುದಿನ."

"ಆ ದಿನ ಬೋಟ್ ಇರ್ಲಿಲ್ಲ."

"ಬೇರೆಯವ್ರಿಗೆ ಇರ್ಲಿಲ್ಲ. ನಮ್ಮೆಜಮಾನ್ರಿಗೆ ಬಂದರಿನ ಸಾಹೇಬ್ರ ಪರಿಚಯ. ಒಂದು ಫೋನ್ ಮಾಡಿದ್ರು, ಇದೇ ಬೋಟ್ ಬಿಡಿಸಿಕೊಟ್ರು."

"ಹೊತ್ತಾಯ್ತು, ಹತ್ತಿ ಹತ್ತಿ" ಎಂದು ಬೋಟಿನವನು ನಡುವೆ ಬಾಯಿ ಹಾಕಿದ.

ಆಕೆ ಕದಲಲಿಲ್ಲ. "ಇಲ್ಲಿ ಬೇರೆ ಯಾರೂ ಇರ್ಲಿಲ್ವಾ?"

"ಆ ತುದಿ ಬಂಡೆ ಮೇಲೆ ಒಬ್ಬನಿದ್ದ, ಕೆಂಪು ಟವಲ್ ಬೀಸ್ತಾ. ನಮ್ಮ ಮಕ್ಕಳೂ ಅವನು ಕಣ್ಮರೆ ಆಗೋವರೆಗೆ ಟಾಟಾ ಮಾಡಿದ್ವು."