ಹಳೇ ಚಕ್ಕಳ

ಮಣೆಗೆ ಅಂಟಿದ್ದ ಒಣಗಿದ ಗೋಂದನ್ನು ಅವಳು ಉಗುರಿನಿಂದ ಕೆರೆಯುತ್ತಿದ್ದಳು. ಪುಸ್ತಕದ ಬೆನ್ನಿಗೆ ತೊಗಲು ಅಂಟಿಸುವ ಮಣೆ. ಇಪ್ಪತ್ತೆರಡು ವರ್ಷದಿಂದ ಅವಳದೇ. ನಾಳೆಯಿಂದ ಬೇರೆಯವರು ಕೂರುವ ಜಾಗ, ಗಲೀಜು ಬಿಟ್ಟುಹೋಗಲು ಮನಸ್ಸಾಗಲಿಲ್ಲ.

ಯಜಮಾನರ ಅಳಿಯ ಬೆಳಿಗ್ಗೆ ಬಂದ ಚೀಟಿಯನ್ನು ಮತ್ತೆ ಮುಂದೆ ಹಿಡಿದ. "ನಂದೇನೂ ಇಲ್ಲಮ್ಮ. ಮಾವನೇ ಮನೆಯಿಂದ ಬರೆದು ಕಳಿಸಿದ್ದಾರೆ."

'ಚಕ್ಕಳ ಹಳೆಯದಾಗಿದೆ, ಬಗ್ಗುತ್ತಿಲ್ಲ. ಇವತ್ತೇ ತೆಗೆದುಹಾಕಿ, ಹೊಸದು ತರಿಸಿ.'

ಬೈಂಡಿಂಗ್ ಅಂಗಡಿಯಲ್ಲಿ ಚಕ್ಕಳ ಅಂದರೆ ಅವಳೇ. ಕೆಲಸಕ್ಕೆ ಸೇರಿದ ದಿನ ಯಜಮಾನರು, "ಇದೇನು, ಮೂಳೆ ಚಕ್ಕಳ ಎದ್ದು ಬಂದಿದೆ!" ಎಂದು ನಕ್ಕಿದ್ದರು. ಅದೇ ಉಳಿಯಿತು. ಹೋದ ತಿಂಗಳು ಅವಳು, ಬೆನ್ನು ಬಗ್ಗಲ್ಲ, ಎತ್ತರದ ಮೇಜು ಕೊಡಿ ಎಂದು ಕೇಳಿದ್ದೂ ನಿಜ.

ಅಷ್ಟರಲ್ಲಿ ಯಜಮಾನರೇ ಕೋಲೂರಿಕೊಂಡು ಬಂದರು. ಕಪಾಟಿನಿಂದ ಕುರಿ ತೊಗಲಿನ ಸುರುಳಿ ಎಳೆದು ಮಡಚಿದರು. ಪಟ್ಟನೆ ಬಿರಿಯಿತು.

"ಇದನ್ನ ಇನ್ನೂ ಎಸೆದಿಲ್ವಾ? ಚೀಟಿ ಕಳಿಸಿದ್ನಲ್ಲ!"

"ಇದು ಲೆದರ್ ಅಲ್ವಾ ಮಾವ?"

"ಲೆದರಂತೆ ಲೆದರು! ಹದ ಮಾಡಿದ ಕುರಿ ತೊಗಲಿಗೆ ನಮ್ಮಪ್ಪನ ಕಾಲದಿಂದ ಚಕ್ಕಳ ಅಂತಲೇ ಅನ್ನೋದು, ಅಳಿಯಂದ್ರೇ."

ಅಳಿಯ ತಬ್ಬಿಬ್ಬಾಗಿ ಅವಳ ಕಡೆ ನೋಡಿದ. ಯಜಮಾನರಿಗೆ ಅರ್ಥವಾಯಿತು. ಕೆಮ್ಮು ಬರುವವರೆಗೆ ನಕ್ಕರು. "ಒಂದು ಮಾತಿಗೆ ಎಷ್ಟು ಅರ್ಥ ನೋಡಿ! ತೊಗಲೂ ಚಕ್ಕಳ, ಇವಳೂ ಚಕ್ಕಳ, ಕಾಲು ಮಡಚಿ ಕೂತರೆ ಚಕ್ಕಳಮಕ್ಕಳ! ಹೋಗೇ, ಹೋಗಿ ಕೂತ್ಕೋ." ಪಕ್ಕದಲ್ಲಿ ಪುಸ್ತಕದ ಹಾಳೆ ಹೊಲಿಯುತ್ತಿದ್ದ ಹೆಂಗಸರೂ ಹಲ್ಲಲ್ಲಿ ದಾರ ಕಚ್ಚಿಕೊಂಡೇ ನಕ್ಕರು.

ಅವಳು ಕೂರಲಿಲ್ಲ.

"'ಹೊಸದು ತರಿಸಿ' ಅಂತಿದೆ. ಹೊಸಬಳನ್ನ ಅಂತಿಲ್ಲ. ಬೆಳಿಗ್ಗೆಯಿಂದ ಎಲ್ಲರೂ ಓದಿದ್ರಿ. ಮನುಷ್ಯರಿಗೆ ಹೀಗೆ ಬರೀತಾರಾ ಅಂತ ಒಬ್ಬರಿಗಾದ್ರೂ ಅನುಮಾನ ಬಂತಾ?" ಅವಳು ಉಗುರಿನ ಗೋಂದು ಒರೆಸಿಕೊಂಡಳು. "ನನಗೂ ಬರಲಿಲ್ಲ. ಹೊಟ್ಟೆ ಉರೀತಿರೋದು ಅದಕ್ಕೇ."

ಹೆಂಗಸರು ಹಲ್ಲಲ್ಲಿದ್ದ ದಾರ ಬಿಟ್ಟರು.

"ತಪ್ಪಾಯ್ತು ಬಿಡಮ್ಮ," ಎಂದ ಅಳಿಯ. "ನಾಳೆಯಿಂದ ನಿನ್ನನ್ನ ಒಳಗೆ ಬಿಡಬೇಡ ಅಂತ ಕಾವಲಿನವನಿಗೆ ಹೇಳಿಬಿಟ್ಟಿದ್ದೆ. ಅವನಿಗೆ ತೋರಿಸೋಕೆ ಈಗ್ಲೇ ಬೇರೆ ಚೀಟಿ ಬರೆದುಕೊಡ್ತೀನಿ."

ಪೆನ್ನು ತೆಗೆದು 'ಚ' ಎಂದು ಬರೆದ. ಅವಳು ಕಾಗದದ ಮೇಲೆ ಅಂಗೈ ಊರಿದಳು.

ಹೆಸರು ಕೇಳುವಂತೆ ಅಳಿಯ ಮಾವನ ಮುಖ ನೋಡಿದ. ಮಾವ ಹೊಲಿಗೆಯ ಹೆಂಗಸರ ಕಡೆ ತಿರುಗಿದರು. ಅವರು ಸೂಜಿಗೆ ದಾರ ಪೋಣಿಸತೊಡಗಿದ್ದರು.

"ನನ್ನ ಹೆಸರು ಬರೀರಿ," ಎಂದಳು.