ದಾರದ ತುದಿಯ ಗಂಟು

ನೆರೂಳಿನ ಕನ್ನಡ ಸಂಘದ ಕಸೂತಿ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಗೆದ್ದ ಜಯಲತಾ, ಎಲ್ಲರೆದುರು ಸೂಜಿಗೆ ದಾರ ಪೋಣಿಸಲಾಗದೆ ಚಡಪಡಿಸುತ್ತಿದ್ದಳು. ಬಹುಮಾನ ಬಂದ ಸೀರೆ ಸೆರಗಿನ ಕಸೂತಿ ಅವಳ ಕೈಯದಲ್ಲವೆಂಬ ಗುಲ್ಲು ವಾರದಿಂದ ಟೆಲಿಫೋನಿನಲ್ಲೇ ಮನೆಮನೆ ಸುತ್ತಿ ಇಂದು ಸಭೆಗೇ ಬಂದಿತ್ತು.

"ನೀವಽ ಹಾಕೀರಿ ಅಂದ್ರ ಇಲ್ಲೇ ಒಂದು ಗೋಪುರದ ಚಿತ್ತಾರ ಹಾಕಿ ತೋರಸ್ರಿ," ಎಂದರು ತೀರ್ಪುಗಾರ್ತಿ ಪದ್ಮಾವತಿ.

"ತೋರಿಸ್ತೇನೆ, ಅದಕ್ಕೇನುಂಟು?" ಅಂತೂ ದಾರ ಪೋಣಿಸಿದ ಜಯಲತಾ ಅದರ ತುದಿಗೆ ಬಿಗಿಯಾಗಿ ಗಂಟು ಹಾಕಿದಳು.

"ಅಯ್ಯ, ಬ್ಯಾಡ್ರಿ ಅಕ್ಕಾರ! ಕಸೂತಿಗೆ ಗಂಟು ಹಾಕೂದಿಲ್ರಿ!" ಬಾಗಿಲ ಬಳಿ ಚಹಾದ ಲೋಟ ಎತ್ತುತ್ತಿದ್ದ ಜಯಲತಾಳ ಮನೆಗೆಲಸದ ಚಂದ್ರಬಾಯಿ ಕೂಗಿಯೇಬಿಟ್ಟಳು. ಮರುಕ್ಷಣವೇ ಬಾಯಿಗೆ ಸೆರಗು ಒತ್ತಿಕೊಂಡಳು.

ಪದ್ಮಾವತಿ ಜಯಲತಾಳ ಕೈಯಿಂದ ಸೂಜಿ ತೆಗೆದುಕೊಂಡು, ಗಂಟು ಕತ್ತರಿಸಿ, ಬಾಗಿಲ ಬಳಿಯಿದ್ದ ಚಂದ್ರಬಾಯಿಯತ್ತ ನಡೆದರು.