ಹಾಳೆಯ ಕೆಳಗಿನ ದಾರ

ನೆಲಕ್ಕೆ ಹಾಸಿದ್ದ ಹಳೆಯ ವಿನೈಲ್ ಹಾಳೆಯ ಅಂಚಿಗೆ ಉಳಿ ಕೊಟ್ಟು ಎತ್ತಿದವನೇ ರಸಮಟ್ಟ ಗಹಗಹಿಸಿ ನಕ್ಕುಬಿಟ್ಟ. ಕೆಳಗೆ ದಾರವಿತ್ತು. ಹುರಿಗಟ್ಟಿದ ದಪ್ಪ ದಾರ, ಮಂಚದ ಬುಡದಿಂದ ಹೊರಟು ನೆಟ್ಟಗೆ ಅಡುಗೆಮನೆಗೆ. ಇನ್ನೊಂದು ದಾರ, ಮಂಚದಿಂದಲೇ ಬಚ್ಚಲಿಗೆ.

"ಗೆರೆ ಹೊಡೆದ ದಾರಾನೇ ತೆಗೆಯೋದು ಮರ್ತಿದ್ದಾನಲ್ಲ ಮುದುಕ!" ಎಂದ, ಕೇಳುವವರು ಯಾರೂ ಇಲ್ಲದಿದ್ದರೂ.

ಹಾಳೆ ಹಾಸುವ ಮೊದಲು ನೆಲದ ಕೆಲಸದವರು ಬಣ್ಣದ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು, ಚಿಮ್ಮಿ, ನೆಲಕ್ಕೆ ಗೆರೆ ಹೊಡೆಯುತ್ತಾರೆ. ಗೆರೆ ಬಿದ್ದ ಮೇಲೆ ದಾರ ಸುತ್ತಿ ಜೇಬಿಗೆ. ನಿನ್ನೆ ಕೆಲಸಕ್ಕೆ ಸೇರಿದವನಿಗೂ ಗೊತ್ತಿರುವ ಮಾತು. ಅದನ್ನು ಮರೆತವನು ಯಾರು? ದೊಡ್ಡ ಮೇಸ್ತ್ರಿ! ಊರೆಲ್ಲ ಹೊಗಳಿ ಅಟ್ಟಕ್ಕೇರಿಸಿದ ಮೇಸ್ತ್ರಿ, ಅದೂ ತನ್ನ ಸ್ವಂತ ಮನೆಯಲ್ಲಿ. ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ಮನೆ ಹೇಳುತ್ತಾರೆಯೇ?

ರಸಮಟ್ಟ ಅವನ ಹೆಸರಲ್ಲ, ನೆಲದ ಓರೆಕೋರೆ ತೋರಿಸುವ ಉಪಕರಣದ ಹೆಸರು. ಯಾರ ಕೆಲಸ ಕಂಡರೂ ಓರೆ ಎಂದು ಮೂಗು ಮುರಿಯುವವನಿಗೆ ಜೊತೆಯವರು ಅಂಟಿಸಿದ್ದ ಅಡ್ಡಹೆಸರು. ಅವನ ಕಿವಿಗೆ ಅದು ಬಿರುದಿನಂತೆಯೇ ಕೇಳುತ್ತಿತ್ತು. ಕೆಲಸ ಕಲಿತದ್ದು ಮೇಸ್ತ್ರಿಯ ಕೈಕೆಳಗೇ. "ಮೇಲೆ ಯಾರು ನಡೀತಾರೆ ಅಂತ ಕೇಳ್ಕೊಂಡು ಆಮೇಲೆ ಸುರುಳಿ ಬಿಚ್ಚೋ" ಎಂದು ಮುದುಕನದು ದಿನವೂ ಒಂದೇ ಪುರಾಣ. ಯಾರು ನಡೆದರೇನು, ಎಲ್ಲರಿಗೂ ಇರುವುದು ಎರಡೇ ಕಾಲು. ಹಾಗೆಂದು ಎದುರಾಡಿದ ದಿನ ಮೇಸ್ತ್ರಿ ಅವನನ್ನು ತನ್ನ ಗುಂಪಿನಿಂದ ಹೊರಹಾಕಿದ್ದ. ಆಮೇಲೆ ಇಬ್ಬರೂ ಮುಖ ನೋಡಿರಲಿಲ್ಲ. ಮೇಸ್ತ್ರಿಯ ಮನೆಯ ಹೊಸ್ತಿಲನ್ನಂತೂ ಅವನು ತುಳಿದದ್ದು ಇವತ್ತೇ ಮೊದಲು.

ಮೇಸ್ತ್ರಿ ಸತ್ತು ನೆಲಹಾಸಿನ ಅಂಗಡಿಯಲ್ಲಿ ಅವನ ಜಾಗ ಖಾಲಿಯಾಗಿತ್ತು. ಅಷ್ಟರಲ್ಲಿ ಅವನ ಮನೆಯಲ್ಲೇ ಕೊಳಾಯಿ ಒಡೆದು, ನೀರು ನುಗ್ಗಿ, ಹಾಳೆ ಎದ್ದು ಕೂತಿತು. ಅಂಗಡಿಯ ಯಜಮಾನ ಹೇಳಿದ್ದು ಒಂದೇ ಮಾತು: "ಹೋಗಿ ಮೇಸ್ತ್ರಿ ಮನೆ ನೆಲ ಮಾಡಿಕೊಡು. ಅವರ ಥರಾನೇ ಇದೆ ಅಂತ ಅವರ ಹೆಂಡತಿ ಅಂದ್ರೆ ಸಾಕು, ಆ ಜಾಗ ನಿಂದು." ಇಷ್ಟು ವರ್ಷ ಆಸೆಪಟ್ಟು ಬಾಯಿ ಒಣಗಿದ್ದು ಆ ಜಾಗಕ್ಕೇ.

ಬೆಳಗ್ಗೆ ಬಾಗಿಲು ತೆರೆದ ಮೇಸ್ತ್ರಿಯ ಹೆಂಡತಿಯನ್ನು ಅವನು ಸರಿಯಾಗಿ ನೋಡಲೂ ಇಲ್ಲ. ಅವನು ಮುಖ ನೋಡುವ ಪೈಕಿಯಲ್ಲ, ನೆಲ ನೋಡುವ ಪೈಕಿ. ಹೊಸ್ತಿಲಲ್ಲೇ ಕಣ್ಣು ಕೆಳಗಿಳಿದಿತ್ತು. ನೆಲದ ಮೇಲೆ ಎರಡು ಉಬ್ಬುಗೆರೆ! ಆ ಉಬ್ಬಿನ ಮೇಲೆಯೇ ತುಳಿದು ತುಳಿದು ಹಾಳೆಯ ಚಿತ್ತಾರ ಅಳಿಸಿಹೋಗಿತ್ತು. ಅಷ್ಟಗಲ ನೆಲ ಬಿಟ್ಟು ಉಬ್ಬನ್ನೇ ಹುಡುಕಿ ತುಳಿಯುವವರಿಗೆ ಏನನ್ನಬೇಕು? ಗಂಡನಿಗೆ ತಕ್ಕ ಹೆಂಡತಿ, ಅಂದುಕೊಂಡ.

ನಮೂನೆಗಳನ್ನು ಮುಂದೆ ಹಿಡಿದರೆ ಆಕೆ ಕೈಯನ್ನೂ ಚಾಚಲಿಲ್ಲ.

"ಬಣ್ಣ ಯಾವ್ದಾದ್ರೂ ಆಗ್ಲಿ ಕಣಪ್ಪ. ಅವರು ಹಾಕಿದ ಹಾಗೇ ಹಾಕ್ಕೊಡು, ಒಂದು ಕೂದಲೆಳೆ ಆಚೀಚೆ ಆಗ್ಬಾರ್ದು. ಅವರ ಹತ್ರಾನೇ ಕಲಿತೋನಂತಲ್ಲ, ನಿಂಗೆ ಬಿಡಿಸಿ ಹೇಳ್ಬೇಕಾ?"

"ಬೇಡಮ್ಮ, ಎಲ್ಲಾ ಗೊತ್ತು" ಎಂದ. ಅವರು ಹಾಕಿದ ಹಾಗೆ ಹಾಕಬೇಕಂತೆ! ಸತ್ತ ಗಂಡನ ತಪ್ಪೂ ಹೆಂಡತಿಗೆ ಬಂಗಾರ.

ಪಕ್ಕದ ಮನೆಯಾಕೆ ಬಂದು ಅಮ್ಮನನ್ನು ಕರೆದುಕೊಂಡು ಹೋದ ಮೇಲೆ ಅವನು ಕೆಲಸಕ್ಕಿಳಿದ. ಅಡುಗೆಮನೆಯ ದೀಪ ಹಾಕಲು ಹೋದರೆ ಬಲ್ಬೇ ಇಲ್ಲ. ಖಾಲಿ ಹೋಲ್ಡರಿನಲ್ಲಿ ಜೇಡ ಸಂಸಾರ ಹೂಡಿತ್ತು. ಜಿಪುಣ ಮನೆ ಎಂದು ಬೈದುಕೊಂಡು ತನ್ನದೇ ದೀಪ ತಂದ.

ದಾರ ಎಳೆದರೆ ಸುಲಭಕ್ಕೆ ಬರಲಿಲ್ಲ. ಉದ್ದಕ್ಕೂ ಅಂಟಿನಲ್ಲಿ ಕೂರಿಸಿದಂತಿತ್ತು. ಮರೆತದ್ದನ್ನೂ ಗಟ್ಟಿಯಾಗಿಯೇ ಮರೆತಿದ್ದಾನೆ ಎಂದು ಮತ್ತೆ ನಕ್ಕ. ಎರಡನ್ನೂ ಕಿತ್ತು, ಸುತ್ತಿ, ಜೇಬಿಗಿಳಿಸಿದ. ನಾಳೆ ಅಂಗಡಿಯಲ್ಲಿ ಎಲ್ಲರೆದುರು ಎಳೆದು ತೋರಿಸಬೇಕು: ನೋಡ್ರಪ್ಪಾ, ನಿಮ್ಮ ದೊಡ್ಡ ಮೇಸ್ತ್ರಿಯ ಕರಾಮತ್ತು!

ಆಮೇಲೆ ಮಾಡಿದ್ದು ಮಾತ್ರ ಕೆಲಸ ಅಂದರೆ ಕೆಲಸ. ಹೊಸ ಹಾಳೆಯನ್ನು ಬಿಚ್ಚಿ, ಸುರುಳಿಯ ಹಟ ಇಳಿಯುವವರೆಗೆ ಹೊರಗೆ ಬಿಸಿಲಲ್ಲಿ ಮಲಗಿಸಿದ. ಹಳೆಯ ಅಂಟು ಕೆರೆದ, ಬಿರುಕು ತುಂಬಿದ, ಒಣಗಿದ ಮೇಲೆ ಉಜ್ಜಿದ, ಒದ್ದೆ ಬಟ್ಟೆಯಲ್ಲಿ ಒರೆಸಿದ. ಕೆಳಗೆ ಒಂದು ಸಾಸಿವೆಕಾಳು ಉಳಿದರೂ ಹಾಳೆ ಅದನ್ನು ಊರಿಗೆಲ್ಲ ಹೇಳಿಬಿಡುತ್ತದೆ. ಒರಟು ಕಾಗದದಲ್ಲಿ ಕೋಣೆಯ ಅಚ್ಚು ತೆಗೆದು, ಅದರಂತೆ ಹಾಳೆ ಕತ್ತರಿಸಿ, ಅರ್ಧ ಮಡಚಿ, ಹಲ್ಲಿನ ಕರಣೆಯಿಂದ ಅಂಟು ಎಳೆದ. ಅಂಟು ಬೆರಳಿಗೆ ಜಿಗುಟಾಗುವವರೆಗೆ ಕಾದ. ಹಾಸಿದ ಮೇಲೆ ನಡುವಿನಿಂದ ಗೋಡೆಯತ್ತ ಭಾರದ ಉರುಳೆ ಉರುಳಿಸಿ ಗಾಳಿಯನ್ನೆಲ್ಲ ಹೊರದಬ್ಬಿದ. ಗೋಲಿ ಇಟ್ಟರೆ ಕದಲಬಾರದು, ಹಾಗೆ.

ಸಂಜೆ ಅಮ್ಮ ಬಂದಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಗೋಡೆಯ ಬದಿಯಲ್ಲೇ ನಡೆದು ಮಂಚದ ಹತ್ತಿರ ನಿಂತಳು. ಅವನು ಮಂಡಿಯೂರಿ ಅಂಚಿನ ಪಟ್ಟಿಗೆ ಕೊನೆಯ ಮೊಳೆ ಹೊಡೆಯುತ್ತಿದ್ದ. ಕಣ್ಣು ಎಂದಿನಂತೆ ನೆಲದ ಮೇಲೆ.

"ಕಾಲಾಡಿಸಿ ನೋಡಿ ಅಮ್ಮ. ಅವರ ಥರ ಅಲ್ಲ, ಅವರಿಗಿಂತ ಒಂದು ಕೈ ಮೇಲು. ಎಲ್ಲಾದ್ರೂ ಒಂದು ಉಬ್ಬು ಸಿಕ್ಕಿದ್ರೆ ಹೇಳಿ."

ಆಕೆಯ ಬರಿಗಾಲು ಹಾಳೆಯ ಮೇಲೆ ಎಡಕ್ಕೆ ಜಾರಿತು. ಬಲಕ್ಕೆ ಜಾರಿತು. ಮತ್ತೆ ಎಡಕ್ಕೆ ಬಂತು.

"ಇಲ್ಲಪ್ಪ" ಎಂದಳು ಮೆಲ್ಲಗೆ. "ಎಲ್ಲೂ ಸಿಗ್ತಾ ಇಲ್ಲ."

ರಸಮಟ್ಟನ ಎದೆಯುಬ್ಬಿತು. ಮೇಸ್ತ್ರಿಯ ಜಾಗದಲ್ಲಿ ಅವನು ಆಗಲೇ ಕೂತಾಗಿತ್ತು. ಅಮ್ಮನ ಬಾಯಿಂದ ಇನ್ನೊಂದು ಮಾತು ಬರಲೆಂದು ಕಾದ. ಆ ಕಾಲು ಮಾತ್ರ ಇನ್ನೂ ನೆಲ ಸವರುತ್ತಲೇ ಇತ್ತು. ಕೊನೆಗೆ ಅವನು ನೆಲದಿಂದ ಕಣ್ಣೆತ್ತಿ, ಮೊದಲ ಸಲ, ಆಕೆಯ ಮುಖ ನೋಡಿದ. ಅದು ಅವನಿದ್ದ ಕಡೆಗಲ್ಲ, ಬರಿ ಗೋಡೆಯ ಕಡೆಗೆ ತಿರುಗಿತ್ತು.

"ದಾರ ಎಲ್ಲಿ ಮಗಾ?" ಎಂದಳು ಆಕೆ, ಎರಡೂ ಕೈ ಗಾಳಿಗೆ ಚಾಚಿ. "ಅದಿಲ್ದೆ ಕಣ್ಣು ಕಾಣದೋಳು ಒಲೆ ಹತ್ರ ಹೇಗೆ ಹೋಗ್ಲಿ?"